ತಡವಾಗಿ ಬರುವ ಎಡಗೈ

ಟೀಚರ್ ಅವರ ಎಡಗೈ ಯಾವಾಗಲೂ ಮಡಿಲಲ್ಲಿ ಬಿದ್ದಿರುತ್ತಿತ್ತು. ಬೆರಳುಗಳು ಅರ್ಧ ಮಡಚಿಕೊಂಡಿದ್ದವು, ಉಗುರುಗಳಿಗೆ ಮಾತ್ರ ತಪ್ಪದೆ ಕೆಂಪು ಬಣ್ಣ. ಪಾರ್ಶ್ವವಾಯು ಹೊಡೆದ ಕೈಗೆ ಯಾಕೆ ಈ ಅಲಂಕಾರ ಎಂದು ಯಾರಾದರೂ ಕೇಳಿದರೆ, “ಕೈ ರಜೆ ಹಾಕಿದೆ, ಸತ್ತಿಲ್ಲ” ಎನ್ನುತ್ತಿದ್ದರು.

ಹಲಸೂರಿನಲ್ಲಿ ಅವರ ಮನೆಯ ಮೇಲಿನ ಕೋಣೆ ನನ್ನ ಬಾಡಿಗೆ ಮನೆ. ದಾವಣಗೆರೆಯಿಂದ ಬಂದು ದೊಮ್ಮಲೂರಿನ ಆಫೀಸಿನಲ್ಲಿ ಕಂಪ್ಯೂಟರ್ ಕುಟ್ಟುವ ನನಗೆ ಸಂಗೀತದ ಗಂಧಗಾಳಿ ಇರಲಿಲ್ಲ. ಅವರು ನಲವತ್ತು ವರ್ಷ ಆ ಬೀದಿಯ ಮಕ್ಕಳಿಗೆ ಪಿಯಾನೋ ಕಲಿಸಿದವರು. ಪಾಠದ ನಡುವೆ ತಾವೇ ಕಟ್ಟಿದ ಹತ್ತಾರು ಹಾಡುಗಳು ತಲೆಯಲ್ಲೇ ಇದ್ದವು, ಒಂದನ್ನೂ ಬರೆದಿಟ್ಟಿರಲಿಲ್ಲ. ಅವೆಲ್ಲ ತಮ್ಮ ಜೊತೆಗೇ ಹೋಗಿಬಿಡುತ್ತವೆ ಎಂಬುದೊಂದೇ ಅವರ ಭಯ. ಎರಡೂ ಕೈಗಳ ಭಾಗವನ್ನು ಬಲಗೈಯೊಂದರಲ್ಲೇ ಬೇರೆ ಬೇರೆಯಾಗಿ ನುಡಿಸಿದರೆ ಕಂಪ್ಯೂಟರ್‌ನಲ್ಲಿ ಸೇರಿಸಬಹುದು ಎಂದು ಒಂದು ದಿನ ಬಾಯಿತಪ್ಪಿ ಹೇಳಿದೆ. ಅಲ್ಲಿಗೆ ನನ್ನ ಭಾನುವಾರಗಳು ಮುಗಿದವು.

ಮೊದಲು ಅವರ ಡಿಜಿಟಲ್ ಪಿಯಾನೋದಿಂದ ನನ್ನ ಕಂಪ್ಯೂಟರಿಗೆ ವೈರ್ ಎಳೆದೆವು. ಎರಡನೇ ವಾರ, ಒಂದೇ ಕೈಯಲ್ಲಿ ಊರಿಕೊಂಡು ನಡೆಯುವ ಅವರ ವಾಕರ್ ಅದಕ್ಕೆ ಸಿಕ್ಕಿಕೊಂಡು ಟೀಚರ್ ಬಿದ್ದರು. ಅವರ ಜೊತೆಗೇ ಇದ್ದ ಮಗಳು ಓಡಿ ಬಂದರು.

“ಸಾಕು ಮಮ್ಮಿ! ಇನ್ನೊಂದ್ಸಲ ಈ ರೂಮಲ್ಲಿ ವೈರ್ ಕಂಡ್ರೆ ಪಿಯಾನೋನೇ ಯಾರಿಗಾದ್ರೂ ಕೊಟ್ಬಿಡ್ತೀನಿ.”

“ಸರಿ, ವೈರ್ ಇರಲ್ಲ,” ಎಂದರು ಟೀಚರ್, ಹಣೆಯ ಬುಗುಟನ್ನು ಒತ್ತಿಕೊಳ್ಳುತ್ತ. ಮಗಳು ಆಚೆ ಹೋದ ಕೂಡಲೇ ನನ್ನತ್ತ ತಿರುಗಿದರು. “ಇದ್ರಲ್ಲಿ ಬ್ಲೂಟೂತ್ ಇದೆ ತಾನೇ? ಹಾಕು.”

ಹಾಕು ಎನ್ನುವುದು ಸುಲಭ. ಕಂಪ್ಯೂಟರ್‌ನಲ್ಲಿ ಪಿಯಾನೋದ ಹೆಸರೇ ಬರಲಿಲ್ಲ. ಆರಿಸಿ ಹಾಕಿದೆ, ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದೆ. ಎರಡು ಭಾನುವಾರ ಹಾಳಾದ ಮೇಲೆ, “ಪಿಯಾನೋನೇ ಹಳೇದು ಟೀಚರ್, ಆಗಲ್ಲ” ಎಂದೆ.

“ಆಗಲ್ಲ ಅನ್ನೋ ಮಕ್ಳನ್ನ ಬೇಕಾದಷ್ಟು ನೋಡಿದೀನಿ,” ಎಂದು ತಮ್ಮ ಫೋನನ್ನು ನನ್ನ ಮುಂದೆ ಹಿಡಿದರು. “ದಿನಾ ಬೆಳಿಗ್ಗೆ ಇದ್ರಿಂದ ಪಿಯಾನೋ ಸೌಂಡ್ ಬದಲಾಯಿಸ್ತೀನಿ. ಇದೇ ಅದನ್ನ ಹಿಡ್ಕೊಂಡು ಕೂತಿದ್ಯೇನೋ ನೋಡು.”

ಹಿಡಿದುಕೊಂಡಿತ್ತು. ಆ ಪಿಯಾನೋ ಒಂದು ಸಲಕ್ಕೆ ಒಂದರ ಜೊತೆ ಮಾತ್ರ ಸೇರುತ್ತಿತ್ತು. ಫೋನಿನ ಬ್ಲೂಟೂತ್ ಆರಿಸಿದೆ, ಕಂಪ್ಯೂಟರ್‌ನಲ್ಲಿ ಹೆಸರು ಬಂತು. ಇದೇ ಕೆಲಸಕ್ಕೆ ಸಂಬಳ ತೆಗೆದುಕೊಳ್ಳುವ ನನಗೆ ನಿಜಕ್ಕೂ ನಾಚಿಕೆಯಾಯಿತು.

ಆಮೇಲೆ ವಾರಕ್ಕೊಂದು ಹಾಡು. ಎಡಗೈಯ ಭಾಗ ನುಡಿಸಲು ಬೆಂಚಿನ ಎಡತುದಿಗೆ ಜರುಗಿ, ಬಲಗೈಯನ್ನು ಮೈಗೆ ಅಡ್ಡಲಾಗಿ ಚಾಚುತ್ತಿದ್ದರು. ಅಲ್ಲಲ್ಲಿ ತಾಳ ತಪ್ಪುತ್ತಿತ್ತು. ಒಂದು ಗುಂಡಿ ಒತ್ತಿದರೆ ಕಂಪ್ಯೂಟರ್ ಎಲ್ಲವನ್ನೂ ತಾಳಕ್ಕೆ ಕೂರಿಸುತ್ತದೆ ಎಂದೆ. ಅವರಿಗೆ ಸಿಟ್ಟು ಬಂತು.

“ಮುಟ್ಬೇಡ! ನನ್ನ ಕೈ ಲೇಟಾದ್ರೆ ಲೇಟು. ಕೇಳೋರು ಕಾಯ್ಲಿ.”

ಕೊನೆಗೆ ಉಳಿದದ್ದು ಒಂದೇ ಹಾಡು. ಅದರ ಎಡಗೈಯ ಭಾಗ ಮುಗಿಸಿ, “ನಂಗೆ ಸುಸ್ತಾಗಿದೆ. ಬಲಗೈದು ನೀನು ನುಡಿಸು” ಎಂದರು. ಬರುವುದಿಲ್ಲ ಎಂದರೆ ಕೇಳುವ ಜೀವವೇ ಅದು? ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದು ಎರಡು ತಿಂಗಳು ಕಲಿಸಿದರು. ಎರಡೂ ಭಾಗ ಸೇರಿಸಿ ನುಡಿಸುವ ಮೊದಲೇ ಅವರಿಗೆ ಮತ್ತೊಮ್ಮೆ ಪಾರ್ಶ್ವವಾಯು ಹೊಡೆಯಿತು. ಈ ಸಲ ಅವರು ಉಳಿಯಲಿಲ್ಲ.

ಮಣ್ಣು ಮಾಡಿ ಬಂದ ಮರುದಿನ ಮಗಳು ಪಿಯಾನೋಗೆ ಹಳೆಯ ಬೆಡ್‌ಶೀಟ್ ಹೊದಿಸುತ್ತಿದ್ದರು. “ಇನ್ಯಾರು ನುಡಿಸ್ತಾರೆ, ಕೊಟ್ಬಿಡೋಣ” ಎಂದರು.

ನಾನು ಬೆಡ್‌ಶೀಟ್ ಎಳೆದು ಹಾಕಿದೆ. ಕಂಪ್ಯೂಟರ್ ತಂದು ಪಿಯಾನೋಗೆ ಸೇರಿಸಿದೆ. ಯಾರೂ ಮುಟ್ಟದ ಪಿಯಾನೋದಿಂದ, ಆ ಕೊನೆಯ ಹಾಡಿಗೆ ಟೀಚರ್ ನುಡಿಸಿಟ್ಟಿದ್ದ ಎಡಗೈಯ ಸ್ವರಗಳು ಹೊರಟವು. ನಾನು ಬಲಗೈ ಇಟ್ಟೆ. ಮಗಳು ವಾಕರ್ ಹಿಡಿದುಕೊಂಡು ನಿಂತೇ ಅತ್ತರು. ಪಿಯಾನೋ ಆ ಮನೆಯಲ್ಲೇ ಉಳಿಯಿತು.

ಈಗಲೂ ಭಾನುವಾರ ಕೆಳಗಿಳಿದು ಆ ಹಾಡು ನುಡಿಸುತ್ತೇನೆ. ತಾಳ ಸರಿಮಾಡುವ ಗುಂಡಿ ಪರದೆಯ ಮೂಲೆಯಲ್ಲಿ ಇದ್ದೇ ಇದೆ. ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಟೀಚರ್ ತಡವಾಗುವ ಕಡೆ ಬೆರಳೆತ್ತಿ ಕಾಯುತ್ತೇನೆ. ಅವರು ಬರುತ್ತಾರೆ.