ನನ್ನ ಪಾಲಿನ ಕೂಗು

ಶುಭ ಶುಕ್ರವಾರ ನಮ್ಮ ಇಗರ್ಜಿಯಲ್ಲಿ ಯೇಸುವಿನ ವಿಚಾರಣೆಯನ್ನು ಪಾಲು ಹಂಚಿಕೊಂಡು ಓದುತ್ತೇವೆ. ಯೇಸುವಿನ ಮಾತು ಪಾದ್ರಿಗಳದ್ದು, ತೀರ್ಪು ಕೊಡುವ ಪಿಲಾತನದ್ದು ಇನ್ನೊಬ್ಬರದ್ದು, ಬೆಂಚಿನಲ್ಲಿ ಕೂತ ನಮ್ಮದು ಗುಂಪಿನ ಕೂಗು. ಅವನನ್ನು ಕೊಲ್ಲಿಸಲು ಕೂಗುವ ಆ ಸಾಲಿಗೆ ನನ್ನ ಸ್ವರವೇ ಎಲ್ಲರಿಗಿಂತ ಮೇಲೆ.

"ಮಾಂಯ್, ಮೈಕ್ ಬೇಕಾ?" ಎಂದು ಮೊಮ್ಮಗಳು ಚಿವುಟುತ್ತಿದ್ದಳು.

"ಸಣ್ಣಕ್ಕೆ ಕೂಗಿದ್ರೆ ಪಿಲಾತನಿಗೆ ಕೇಳುವುದು ಹೇಗೆ ಮಾರಾಯ್ತಿ?"

ಅಕ್ಟೋಬರಿನಲ್ಲಿ ಮಾತೆ ಮರಿಯಳ ಪ್ರತಿಮೆ ನಮ್ಮ ವಾರ್ಡಿನಲ್ಲಿ ದಿನಕ್ಕೊಂದು ಮನೆಯಂತೆ ಸುತ್ತುತ್ತದೆ. ಕಳೆದ ಸಲ ಕಾಪುವಿನ ನಮ್ಮ ಮನೆಗೆ ಬಂದ ದಿನ, "ಇವತ್ತೊಂದು ದಿನ ನೀವೇ ಹಾಕಿಕೊಳ್ಳಿ" ಎಂದು ನನ್ನ ಚಿನ್ನದ ಸರವನ್ನು ಅದರ ಕೊರಳಿಗೆ ಹಾಕಿದೆ. ಆಗಲೇ ಅಲ್ಲಿ ಜಪಸರಗಳ ರಾಶಿ ಇತ್ತು. ಮರುದಿನ ಪ್ರತಿಮೆ ಮುಂದಿನ ಮನೆಗೆ ಹೋಯಿತು. ನಾನು ಮರೆತೇಬಿಟ್ಟೆ.

ಎರಡು ದಿನ ಬಿಟ್ಟು ಕಪಾಟು ತೆರೆದರೆ ಸರ ಇಲ್ಲ. ಆ ಕೋಣೆ ಗುಡಿಸುವವಳು ಬಾಗಲಕೋಟೆ ಕಡೆಯ ಹೆಂಗಸು.

"ನಾ ಮುಟ್ಟಿಲ್ರೀ ಅಮ್ಮಾರ. ನೀವಽ ಎಲ್ಲರ ಇಟ್ಟಿರೇನು, ನೆನಪ ಮಾಡ್ಕೊರಿ" ಎಂದಳು.

ನನಗೆ ಮರೆವು ಎನ್ನುತ್ತಾಳಾ ಇವಳು? ಆಗಷ್ಟೇ ಫೋನಿನಲ್ಲಿ ಟೈಪ್ ಮಾಡಲು ಕಲಿತಿದ್ದೆ. ಅವಳು ಕಳ್ಳಿ, ಯಾರೂ ಮನೆಯೊಳಗೆ ಬಿಡಬೇಡಿ ಎಂದು ಒಂದೇ ಬೆರಳಿನಲ್ಲಿ ವಾರ್ಡಿನ ವಾಟ್ಸ್ಯಾಪ್ ಗ್ರೂಪಿಗೆ ಹಾಕಿದೆ. ತಪ್ಪಿಲ್ಲದೆ ಬರೆದೆನಲ್ಲ ಎಂದು ಹೆಮ್ಮೆ ಬೇರೆ. ಸಂಜೆಯೊಳಗೆ ನಾಲ್ಕು ಮನೆಯವರು ಅವಳನ್ನು ಕೆಲಸದಿಂದ ಬಿಡಿಸಿದರು. ಪಿಲಾತನಾದರೂ ಒಂದೆರಡು ಪ್ರಶ್ನೆ ಕೇಳಿದ್ದ. ಇಲ್ಲಿ ಅಷ್ಟೂ ಆಗಲಿಲ್ಲ.

ತಿಂಗಳ ಕೊನೆಗೆ ಪ್ರತಿಮೆಯ ಕೊರಳಿನ ಜಪಸರಗಳನ್ನು ತೆಗೆಯುವಾಗ ಅಡಿಯಲ್ಲಿ ನನ್ನ ಸರ ಸಿಕ್ಕಿತು. ತಪ್ಪು ನನ್ನದು, ಅವಳದ್ದಲ್ಲ ಎಂದು ಗ್ರೂಪಿನಲ್ಲಿ ಬರೆದೆ. ಸಾಲುಸಾಲಾಗಿ ಕೈಮುಗಿದ ಚಿತ್ರಗಳು ಬಂದವು. "ಮಾತೆಯೇ ನಿಮ್ಮ ಸರ ಕಾಪಾಡಿದ್ದು ಬಾಯಮ್ಮಾ! ಪವಾಡ ಅಲ್ವಾ!" ಎಂದರು ಒಬ್ಬರು. ಅವಳ ಸುದ್ದಿ ಯಾರೂ ಎತ್ತಲಿಲ್ಲ.

ವಿಚಾರಿಸಿಕೊಂಡು ಹಿರಿಯಡ್ಕಕ್ಕೆ ಹೋದೆ. ಕಟ್ಟಡದ ಕೆಲಸದಲ್ಲಿ ಜಲ್ಲಿ ಹೊರುತ್ತಿದ್ದಳು. ತಪ್ಪಾಯಿತು, ವಾಪಸ್ ಬಾ ಎಂದೆ. ಬುಟ್ಟಿ ಇಳಿಸದೆಯೇ ಕೇಳಿದಳು:

"ನೀವು ಬರದದ್ದು ಅವರ ಫೋನ್‌ನ್ಯಾಗ ಇನ್ನೂ ಐತೇನ್ರೀ?"

ಮೊಮ್ಮಗಳ ಕೈಯಲ್ಲಿ ಅದನ್ನು ಅಳಿಸಿಸಲು ನೋಡಿದ್ದೆ. ತಡವಾಗಿತ್ತು, ನನ್ನ ಫೋನಿನಿಂದ ಮಾತ್ರ ಹೋಗಿತ್ತು. "ಉಂಟು" ಎಂದೆ.

"ಹಂಗಾರ ಹೆಂಗ ಬರಲ್ರೀ?" ಎಂದು ಮೆಟ್ಟಿಲು ಹತ್ತಿದಳು.

ಈ ಸಲದ ಶುಭ ಶುಕ್ರವಾರ ಆ ಕೂಗಿನ ಸಾಲು ಬಂದಾಗ ನನ್ನ ಬಾಯಿ ತೆರೆಯಲಿಲ್ಲ. ಮೊಮ್ಮಗಳು ತಿರುಗಿ ನೋಡಿದಳು. ನಾನಿಲ್ಲದೆಯೂ ಕೂಗು ಗಟ್ಟಿಯಾಗಿಯೇ ಇತ್ತು.