ಒಳಕ್ಕೆ ಮಡಿಸದ ಅಂಚು

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಮುಂಚೆ ಮೇಡಮ್ ತೀರಿಕೊಂಡಳು. ನಲವತ್ತೊಂದು ವರ್ಷ. ಹೃದಯ ನಿಂತಿತು.

ಮೇಡಮ್ ಅನ್ನುವುದು ಹೊಲಿಗೆ ಅಂಗಡಿಯಲ್ಲಿ ಅಂಟಿದ ಹೆಸರು. ಅಂಗಡಿ ಅವಳ ಅಮ್ಮನದು. ಅಣ್ಣ ಅಲ್ಲೇ ಕತ್ತರಿ ಹಿಡಿದು ಬೆಳೆದವನು. ಅವಳು ಹುಟ್ಟಿದಾಗ ಅವನಿಗೆ ಒಂಬತ್ತು. ಮಗುವಿಗೆ ಡೌನ್ ಸಿಂಡ್ರೋಮ್ ಇದೆ, ಗುಂಡಿಗೆಯಲ್ಲಿ ತೂತೂ ಇದೆ, ಇಪ್ಪತ್ತು ದಾಟುವುದು ಕಷ್ಟ ಅಂತ ಡಾಕ್ಟರು ಹೇಳಿದ್ದನ್ನು ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡಿದ್ದ. ಅಮ್ಮ ಆ ಮಾತನ್ನು ಮತ್ತೆಂದೂ ಬಾಯಿಬಿಟ್ಟು ಆಡಲಿಲ್ಲ. ಆದರೆ ಅವರ ಹೊಲಿಗೆಯಲ್ಲಿ ಅದು ಕಾಣಿಸಿಕೊಂಡಿತು.

ಬೆಳೆಯುವ ಮಕ್ಕಳ ಬಟ್ಟೆಗೆ ಅಮ್ಮ ಅಂಚಿನಲ್ಲಿ ಮೂರು ಬೆರಳಷ್ಟು ಒಳಕ್ಕೆ ಮಡಿಸಿ ಹೊಲಿಯುತ್ತಿದ್ದರು. ಮುಂದಿನ ವರ್ಷ ಬಿಚ್ಚಿ ಇಳಿಸಿಕೊಂಡರಾಯಿತು. ಬೀದಿಯ ಮಕ್ಕಳಿಗೆಲ್ಲ ಹಾಗೇ. ಮಗಳ ಫ್ರಾಕು ಮಾತ್ರ ಅಳತೆಗೆ ಸರಿಯಾಗಿ ಮುಗಿಯುತ್ತಿತ್ತು. ಯಾಕೆ ಅಂತ ಅಣ್ಣ ಒಮ್ಮೆ ಕೇಳಿದ್ದಕ್ಕೆ ಬಟ್ಟೆ ಸಾಲಲಿಲ್ಲ ಅಂದರು. ಮೇಜಿನ ಮೇಲೆ ಅದೇ ಬಟ್ಟೆ ಇನ್ನೂ ಒಂದು ಗಜ ಬಿದ್ದಿತ್ತು.

ಎಂಟನೇ ವಯಸ್ಸಿಗೆ ಅವಳು ಪಕ್ಕದ ಮನೆ ಹುಡುಗಿಯ ಫ್ರಾಕಿನ ಅಂಚು ತಿರುಗಿಸಿ ನೋಡಿದಳು. ಆಮೇಲೆ ತನ್ನದನ್ನು.

"ಅಮ್ಮ, ನಂಗೆ ಯಾಕೆ ಒಳಗಡೆ ಇಲ್ಲ?"

ಅಮ್ಮ ಮಷೀನನ್ನು ಜೋರಾಗಿ ತುಳಿದರು.

ಅದೇ ವಾರ ಅಣ್ಣ ಕದ್ದುಮುಚ್ಚಿ ತನ್ನ ಮೊದಲ ಫ್ರಾಕು ಹೊಲಿದ. ಒಂದು ತೋಳು ಉದ್ದ, ಇನ್ನೊಂದು ಗಿಡ್ಡ. ಅಂಚಿನಲ್ಲಿ ಮಾತ್ರ ನಾಲ್ಕು ಬೆರಳು ಮಡಿಸಿದ್ದ. ಅವಳು ದಾರಿಯಲ್ಲಿ ಸಿಕ್ಕವರಿಗೆಲ್ಲ ಅದನ್ನು ಎತ್ತಿ ತೋರಿಸಿಕೊಂಡು ಬಂದಳು. ಎರಡು ವರ್ಷದಲ್ಲಿ ಆ ನಾಲ್ಕು ಬೆರಳೂ ಇಳಿದವು.

ಇರುವಷ್ಟು ದಿನಕ್ಕೆ ಯಾಕೆ ಹಿಂಸೆ ಅಂದುಕೊಂಡು ಅಮ್ಮ ಅವಳನ್ನು ಶಾಲೆಗೂ ಹಾಕಲಿಲ್ಲ. ಅಂಗಡಿಯಲ್ಲೇ ಕೂತು ಗುಂಡಿ ಹಾಕುವುದನ್ನು ಕಲಿತಳು. ಪ್ರತಿ ತೂತಿಗೆ ಎಂಟು ಸಲ ದಾರ, ಬಾಯಲ್ಲಿ ಎಣಿಕೆ. ನಡುವೆ ಯಾರಾದರೂ ಮಾತಾಡಿಸಿದರೆ ದಾರ ಕತ್ತರಿಸಿ ಮತ್ತೆ ಒಂದರಿಂದ. ಬಂದ ಗಿರಾಕಿಗಳು ಹೊಸಿಲಲ್ಲೇ ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದರು. "ಮೇಡಮ್ ಎಣಿಸ್ತಿದಾರೆ, ತಡೀರಿ" ಅಂತ ಅಣ್ಣ ಪಿಸುಗುಟ್ಟುತ್ತಿದ್ದ. ಅವಳು ಹಾಕಿದ ಗುಂಡಿಯನ್ನು ಕಿತ್ತರೆ ಬಟ್ಟೆಯೇ ಹರಿಯಬೇಕು, ಗುಂಡಿ ಬರುತ್ತಿರಲಿಲ್ಲ.

ಇಪ್ಪತ್ತು ದಾಟಿತು, ಮೂವತ್ತೂ ದಾಟಿತು. ಅಮ್ಮನ ಭಯ ಮಗ್ಗುಲು ಬದಲಿಸಿತು.

"ನನಗಿಂತ ಮುಂಚೆ ಅವಳು ಹೋಗಿಬಿಡಲಿ ಕಣೋ" ಅಂದರು ಒಂದು ದಿನ.

"ಯಾಕಮ್ಮ, ನಾನಿಲ್ವಾ?"

"ನೀನಿದೀಯ ಅಂತಲೇ ಹೇಳ್ತಿರೋದು. ನಿಂದೂ ಒಂದು ಜೀವ ಅಲ್ವಾ?"

ಅಣ್ಣ ಒಂದು ವಾರ ಅಮ್ಮನ ಜೊತೆ ಮಾತು ಬಿಟ್ಟ. ಮೇಡಮ್ ನಡುವೆ ಓಡಾಡಿದಳು. "ಅಣ್ಣ, ಅಮ್ಮ ಕತ್ತರಿ ಕೇಳ್ತಿದಾರೆ." "ಅಮ್ಮ, ಅಣ್ಣ ಕೊಡಲ್ವಂತೆ." ಅವನು ಹಾಗೆ ಅಂದೇ ಇರಲಿಲ್ಲ. ಕೊನೆಗೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಆದರೆ ಅಮ್ಮ ದೇವರಲ್ಲಿ ಹಾಗೆ ಬೇಡಿಕೊಳ್ಳುವುದನ್ನು ಬಿಟ್ಟಿಲ್ಲ ಅನ್ನುವುದು ಅವನಿಗೆ ಗೊತ್ತಿತ್ತು. ಒಂದು ಸಲವಾದರೂ ಅವಳು ಬದುಕುತ್ತಾಳೆ ಅಂತ ಅಮ್ಮ ನಂಬಲಿ, ಅವನು ಕಾದದ್ದು ಅಷ್ಟಕ್ಕೇ.

ಈ ವರ್ಷ ಅಂಗಡಿಯ ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಅವಳ ತುಟಿ ನೀಲಿಗಟ್ಟತೊಡಗಿತು. ಇನ್ನು ಆಪರೇಷನ್ ಆಗುವುದಿಲ್ಲ, ಮನೆಯಲ್ಲಿ ಆರಾಮಾಗಿಟ್ಟುಕೊಳ್ಳಿ ಅಂದರು ಡಾಕ್ಟರು. ಅಣ್ಣ ಅಡುಗೆಮನೆಯಲ್ಲಿ ಅಮ್ಮನಿಗೆ ತಿಳಿಸಿದ. ಎಷ್ಟೋ ವರ್ಷ ಬೇಡಿಕೊಂಡದ್ದು ಕೈಗೆ ಬಂದಿತ್ತು.

ಮಧ್ಯಾಹ್ನ ಅಮ್ಮ ಟೇಪು ತರಿಸಿದರು. ಮಗಳನ್ನು ನಿಲ್ಲಿಸಿ ಭುಜದಿಂದ ಹಿಮ್ಮಡಿಯವರೆಗೆ ಎರಡೆರಡು ಸಲ ಅಳೆದರು. ಮಂಡಿ ಹೋದ ಕಾಲಲ್ಲೇ ಮಷೀನು ತುಳಿದು ನಾಲ್ಕು ದಿನದಲ್ಲಿ ಒಂದು ಗೌನು ಮುಗಿಸಿದರು. ಇಸ್ತ್ರಿ ಮಾಡಲು ತಿರುಗಿಸಿದಾಗ ಅಣ್ಣ ನೋಡಿದ. ಅಂಚಿನಲ್ಲಿ ನಾಲ್ಕು ಬೆರಳು ಒಳಕ್ಕೆ ಮಡಿಸಿತ್ತು. ಅವನು ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಹಿತ್ತಲಿಗೆ ಹೋದ.

ಮೇಡಮ್‌ಗೂ ಕಂಡಿತು. "ಅಮ್ಮಂಗೆ ಅರಳುಮರಳು" ಅಂತ ನಕ್ಕಳು. "ನಾನೇನು ಇನ್ನೂ ಉದ್ದ ಆಗ್ತೀನಾ?"

"ಆಗ್ತೀಯ" ಅಂದರು ಅಮ್ಮ.

ಆ ಮಂಗಳವಾರ ಬೆಳಿಗ್ಗೆ ಅದನ್ನೇ ಹಾಕಿಕೊಂಡಳು. ಅಂಗಡಿಗೆ ಬರಬೇಡ ಅಂತ ಅಣ್ಣ ಹೇಳಿದ್ದರಿಂದ ಅಮ್ಮನ ಕಾಲುಗುರು ತೆಗೆಯಲು ಕೂತಳು. ಬಗ್ಗಲಾಗದ ಅಮ್ಮನಿಗೆ ಅದನ್ನು ಮಾಡುತ್ತಿದ್ದವಳು ಅವಳೇ. ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡು, ನಾಲಿಗೆಯ ತುದಿ ಹೊರಗಿಟ್ಟು, ಐದೂ ಬೆರಳು ಮುಗಿಸಿದಳು. ಚೂರುಗಳನ್ನು ಕಾಗದಕ್ಕೆ ಬಳಿದು ಪೊಟ್ಟಣ ಕಟ್ಟಿದಳು. ಅಮ್ಮನ ಕಾಲನ್ನು ನಿಧಾನವಾಗಿ ನೆಲಕ್ಕಿಳಿಸಿ, ಬಲಗಾಲನ್ನು ಒಮ್ಮೆ ತಟ್ಟಿ, "ಇದು ಆಮೇಲೆ" ಅಂದು ಅಮ್ಮನ ಮಂಡಿಗೆ ತಲೆ ಆನಿಸಿದಳು.