ಮಗಳ ಗುದ್ದಿಗೆ ಎದುರು ನಿಲ್ಲುವ ದುರ್ಗಿ

ಹೊನ್ನಾವರದ ಪಕ್ಕದ ಕಾಸರಕೋಡದ ಕಡಲ ದಂಡೆಯಲ್ಲಿ ಬೆಳಕು ಹರಿಯುವ ಹೊತ್ತು. ಮೀನು ಒಣಗಿಸುವ ಬಲೆಗಳ ಪಕ್ಕ, ಸೆರಗನ್ನು ಸೊಂಟಕ್ಕೆ ಬಿಗಿದ ದುರ್ಗಿ ಎರಡೂ ಕೈಗೆ ಬಾಕ್ಸಿಂಗ್ ಪ್ಯಾಡ್ ತೊಟ್ಟು ನಿಂತಿದ್ದಾರೆ. ಎದುರಿಗೆ ಮಗಳು ಅಂಕಿತಾ. ಆ ದಪ್ಪ ಮೆತ್ತೆಗೆ ಗುದ್ದು ಬೀಳುವ ಸದ್ದಿಗೆ, ಒಣಮೀನಿಗೆ ಹೊಂಚು ಹಾಕಿದ ಕಾಗೆಗಳೂ ದೂರ ಸರಿಯುತ್ತವೆ. "ಇನ್ನೊಂದು ಬರ್ಲಿ. ಕೈ ಕೆಳಗೆ ಬಿಡಬೇಡ್ವೇ!"

ಒಣಮೀನು ಮಾರಿ ಬದುಕುವ ದುರ್ಗಿ ಬಾಕ್ಸಿಂಗ್ ಕಲಿತವರಲ್ಲ, ಕಲಿಯುವ ಆಸೆಯೂ ಇರಲಿಲ್ಲ. ಆದರೆ ಈ ಆಟದಲ್ಲಿ ಯಾರೂ ಒಬ್ಬರೇ ಬೆಳೆಯುವುದಿಲ್ಲ. ಗುದ್ದಿಸಿಕೊಳ್ಳಲು ದಿನವೂ ಎದುರಿಗೊಬ್ಬರು ಬೇಕು. ತರಬೇತುದಾರ ದೇವರಾಜ ಕುಮಟಾದಿಂದ ಬರುವುದು ಭಾನುವಾರ ಮಾತ್ರ. ಊರಲ್ಲಿ ಬಾಕ್ಸಿಂಗಿಗೆ ಇಳಿದ ಬೇರೆ ಹುಡುಗಿಯರಿಲ್ಲ. ಅಪ್ಪ ಗಣಪ ಬೋಟಿಗೆ ಹೋದರೆ ತಿರುಗಿ ಬರುವುದು ಯಾವಾಗಲೋ. "ಮತ್ತೆಂತ ಮಾಡೂದು? ನಾನೇ ಹಾಕ್ಕಂಡೆ. ಮೊದ್ಲ ದಿನ ಬುಟ್ಟಿ ಎತ್ತೂಕೂ ಭುಜ ಬರ್ಲಿಲ್ಲ" ಎಂದು ನಗುತ್ತಾರೆ.

ಆ ನಗು ಹೋದ ವರ್ಷ ನಿಂತೇ ಹೋಗಿತ್ತು. ರಾಜ್ಯ ತಂಡದ ಆಯ್ಕೆ ಪಂದ್ಯದಲ್ಲಿ ಅಂಕಿತಾ ಚುರುಕಾಗಿಯೇ ಆಡಿದಳು; ಆದರೆ ಗುದ್ದುಗಳೆಲ್ಲ ಎದುರಾಳಿಯ ಮೂಗಿನ ಮುಂದೆ ಬಂದು ನಿಂತವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕಾರಣ ಹೊಳೆಯದ ದೇವರಾಜ ಒಂದು ಬುಧವಾರ ಹೇಳದೆ ಕೇಳದೆ ಬಂದು, ದಂಡೆಯ ಮೇಲೆ ಕೂತು ಅಮ್ಮ ಮಗಳ ಅಭ್ಯಾಸ ನೋಡಿದರು. ತಪ್ಪು ತಾಯಿಯ ಕೈಯಲ್ಲಿತ್ತು. ಮಗಳ ಮುಷ್ಟಿ ಹೊರಟ ಕೂಡಲೇ ದುರ್ಗಿಯ ಪ್ಯಾಡ್ ತಾನಾಗಿ ಮುಂದೆ ಹೋಗಿ ಅದನ್ನು ಎದುರುಗೊಳ್ಳುತ್ತಿತ್ತು. ಅರ್ಧ ದಾರಿಗೇ ಗುರಿ ಸಿಕ್ಕರೆ ಕೈ ಪೂರ್ತಿ ಚಾಚುವುದನ್ನು ಯಾರು ಕಲಿಯುತ್ತಾರೆ?

"ಮಗ್ಳಿಗೆ ತ್ರಾಸ ಆಗ್ತದೆ ಅಂತ ನಾನೇ ಮುಂದೆ ಹೋಗ್ತಿದ್ದೆ. ಹಂಗೆ ಮಾಡಿ ಸೋಲ್ಸಿದವ್ಳು ನಾನೇ" ಎನ್ನುವಾಗ ದುರ್ಗಿಯ ದನಿ ಸಣ್ಣದಾಗುತ್ತದೆ.

ಮಗಳಿಗಾಗಿ ಮುಂದೆ ಹೋಗಿಯೇ ಅಭ್ಯಾಸವಾದ ಕೈಯನ್ನು ತಡೆದು ಹಿಡಿಯುವುದು ಸುಲಭದ ಮಾತಲ್ಲ. ಈಗ ಅವರು ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ನಿಲ್ಲುತ್ತಾರೆ; ಮಗಳು ಮುಂದೆ ಬಂದರೆ ತಾವು ಹಿಂದೆ ಸರಿಯುತ್ತಾರೆ. ದಣಿದ ಅಂಕಿತಾ ಕೆಲವೊಮ್ಮೆ ಅತ್ತುಬಿಡುತ್ತಾಳೆ. ತಾಯಿ ಮುಖ ಗಟ್ಟಿ ಮಾಡಿಕೊಂಡು ಮತ್ತೆ ಪ್ಯಾಡ್ ಎತ್ತುತ್ತಾರೆ. ಆಗ ನನಗೆ ಪದಕ ಗೆದ್ದ ಎಷ್ಟೋ ಮಂದಿಗಿಂತ ಈ ಹೆಂಗಸೇ ದೊಡ್ಡವರಾಗಿ ಕಾಣುತ್ತಾರೆ.

ಬರುವ ಭಾನುವಾರ ಮತ್ತೆ ಆಯ್ಕೆ ಪಂದ್ಯ. ಅಂಕಿತಾಳ ವಯಸ್ಸಿಗೆ ಕಿರಿಯರ ವಿಭಾಗದಲ್ಲಿ ಇದೇ ಕೊನೆಯ ಅವಕಾಶ. ಇವತ್ತು ಅವಳ ಬಲಗೈ ಗುದ್ದೊಂದು ಪ್ಯಾಡಿನಿಂದ ಜಾರಿ ತಾಯಿಯ ತುಟಿಗೇ ಬಿತ್ತು. ಹುಡುಗಿ ಹೆದರಿ ಓಡಿಬಂದಳು. ದುರ್ಗಿ ರಕ್ತ ಒರೆಸಿಕೊಂಡು, "ಆತು, ಆತು. ಇನ್ನೊಂದು ಹೊಡಿ" ಎಂದರು.

ಹೊನ್ನಾವರ ಪೇಟೆಯಲ್ಲಿ ಬುಟ್ಟಿ ಇಳಿಸುವ ಹೊತ್ತಿಗೆ ತುಟಿ ಊದಿತ್ತು. ಪಕ್ಕದಲ್ಲಿ ಮೀನು ಮಾರುವ ಲಕ್ಕಿ ಹತ್ತಿರ ಸರಿದು, ದನಿ ತಗ್ಗಿಸಿ ಕೇಳಿದರು: "ಎಂತ ಆತೇ? ಗಂಡ ಹೊಡದ್ನನೇ?"

ದುರ್ಗಿ ಇಡೀ ಪೇಟೆಗೆ ಕೇಳುವಂತೆ ಹೇಳಿದರು: "ಅವ್ರಿಗೆಲ್ಲಿ ಅಷ್ಟು ಧೈರ್ಯ ಮಾರಾಯ್ತಿ! ನನ್ ಮಗಳು ಹೊಡದದ್ದು. ನಾನು ಹಿಂದೆ ಸರ್ದೇ ನಿಂತಿದ್ದೆ, ಆದ್ರೂ ಮುಟ್ತು!"